ಸಕ್ಕರೆ ಹುಡುಕಿಕೊಂಡು ಬಂದವರು

ನನ್ನದೊಂದು ವಿಚಿತ್ರ ಅಭ್ಯಾಸವನ್ನು ಮೊದಲೇ ಹೇಳಿಬಿಡುತ್ತೇನೆ. ರಕ್ತ, ಮೂತ್ರ ಪರೀಕ್ಷಿಸುವ ಲ್ಯಾಬಿನಲ್ಲಿ ಕಿಟಕಿಯಾಚೆಯ ಹುಡುಗಿ ಪುಟ್ಟ ಡಬ್ಬಿಯೊಂದನ್ನು ಮುಂದೆ ನೂಕಿ "ಆ ಕಡೆ ಬಾತ್‌ರೂಮಿದೆ ಆಂಟಿ" ಎಂದಾಗ, ಉಳಿದವರೆಲ್ಲ ಡಬ್ಬಿಯನ್ನು ಸೆರಗಿನಲ್ಲೋ ಪೇಪರಿನಲ್ಲೋ ಮುಚ್ಚಿಕೊಂಡು ಗೋಡೆಗೆ ಅಂಟಿಕೊಂಡೇ ನಡೆಯುತ್ತಾರೆ. ನಾನು ಅದನ್ನು ಅರಿಶಿನ ಕುಂಕುಮಕ್ಕೆ ಕೊಟ್ಟ ಬಟ್ಟಲಿನಂತೆ ಎದುರಿಗೆ ಹಿಡಿದುಕೊಂಡು ಹೋಗುತ್ತೇನೆ, ಹಾಗೆಯೇ ಹಿಡಿದುಕೊಂಡು ಬರುತ್ತೇನೆ. ಜೊತೆಗೆ ಬಂದವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದಂತೆ. ನನಗೆ ಮಾತ್ರ ಕೈಮುಗಿಯಬೇಕು ಅನ್ನಿಸುತ್ತದೆ. ಡಬ್ಬಿ ಹಿಡಿದ ಕೈಯಿಂದ ಮುಗಿಯಲು ಆಗುವುದಿಲ್ಲ, ಅಷ್ಟೆ.

ಇಂಥ ವಿಷಯ ಎತ್ತಿದಳಲ್ಲ ಎಂದು ಮೂಗು ಮುರಿಯಬೇಡಿ. ನಮ್ಮ ಹಳೆಯ ವೈದ್ಯರು ಈ ವಿಷಯದಲ್ಲಿ ನಿಮಗಿಂತ ಧೈರ್ಯವಂತರು. ನೆಲದ ಮೇಲೆ ಬಿದ್ದ ಮೂತ್ರಕ್ಕೆ ಇರುವೆ ಮುತ್ತುತ್ತದೆಯೇ ಎಂದು ಬಗ್ಗಿ ನೋಡಿ, ಕಾಯಿಲೆ ಕಂಡುಹಿಡಿದು, ಅದಕ್ಕೆ ಮಧುಮೇಹ ಎಂದು ಹೆಸರಿಟ್ಟರಂತೆ. ಎಂಥ ಹೆಸರು! ತುರಿಗೆ, ಕೆಮ್ಮಿಗೆ, ಮೂಲವ್ಯಾಧಿಗೆ ಈ ಭಾಗ್ಯ ಇಲ್ಲ. ಕಾಯಿಲೆಯ ಹೆಸರು ಹೇಳಿದರೆ ಬಾಯಿ ಸಿಹಿಯಾಗಬೇಕು ಎಂದು ಯೋಚಿಸಿದ ಆ ಪುಣ್ಯಾತ್ಮರಿಗೆ ಮನೆಯಲ್ಲಿ ಸಿಹಿ ತಿನ್ನಲು ಬಿಡುತ್ತಿರಲಿಲ್ಲವೋ ಏನೋ.

ನಾನು ಹೇಳಹೊರಟದ್ದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಾವು ಆಗತಾನೆ ಬಸವನಗುಡಿಯ ವಠಾರ ಬಿಟ್ಟು ಜಯನಗರಕ್ಕೆ ಬಂದಿದ್ದೆವು. ಜಯನಗರಕ್ಕೆ ಬಡಾವಣೆ ಎಂಬ ಹೆಸರು ಬಂದಿತ್ತು, ಬಡಾವಣೆ ಇನ್ನೂ ಬಂದಿರಲಿಲ್ಲ. ನಮ್ಮ ಮನೆ, ಎದುರಿಗೆ ಪದ್ಮಮ್ಮನವರ ಮನೆ, ಆಮೇಲೆ ಲಂಟಾನದ ಪೊದೆ, ಕಲ್ಲುಬಂಡೆ, ಮತ್ತೆ ದೂರ ದೂರದಲ್ಲಿ ಒಂದೊಂದು ಮನೆ. ಬಸವನಗುಡಿಯಿಂದ ನೆಂಟರು ಬಂದರೆ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಬಸ್ಸಿಗೆ ಕಾಯುತ್ತ ನಿಂತರೆ ಪಂಚೆಯ ಅಂಚು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ ಎಂದು ನಮ್ಮವರು ಗೊಣಗುತ್ತಿದ್ದರು. ಮನೆಯಲ್ಲಿ ನಾವು ಮೂವರೇ: ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮವರು, ಮಡಿಯಲ್ಲಿ ಎತ್ತಿದ ಕೈಯಾದ ಅತ್ತೆ, ಮತ್ತು ನಾನು.

ಮೂವರೇ ಎಂದೆನಲ್ಲ, ನಮ್ಮ ಮನೆಯ ದುಃಖವೆಲ್ಲ ಆ ಪದದಲ್ಲೇ ಇತ್ತು. ಬಸವನಗುಡಿಯಲ್ಲಿದ್ದಾಗ ನನಗೆ ಎರಡು ಹೆರಿಗೆ ಆಗಿತ್ತು. ಎರಡು ಸಲವೂ ದಿನ ತುಂಬುವ ಹೊತ್ತಿಗೆ ಹೊಟ್ಟೆಯೊಳಗಿನ ಓಡಾಟ ನಿಂತುಹೋಯಿತು. ಎರಡು ಸಲವೂ ಬರಿಗೈಯಲ್ಲಿ ಮನೆಗೆ ಬಂದೆ. ದೃಷ್ಟಿ ಎಂದರು, ನಾಗದೋಷ ಎಂದರು, ನನ್ನ ಜಾತಕವನ್ನು ತಿರುಗಿಸಿ ಮುರುಗಿಸಿ ನೋಡಿದರು. ಅತ್ತೆ ಯಾವ ದೇವರನ್ನೂ ಬಿಡಲಿಲ್ಲ, ಯಾವ ಉಪವಾಸವನ್ನೂ ಬಿಡಲಿಲ್ಲ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಒಂದು ಮಾತು ಅಂದಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು. ಜಯನಗರದ ಗಾಳಿ ಒಳ್ಳೆಯದು ಎಂದು ಯಾರೋ ಹೇಳಿದ್ದರಿಂದಲೇ ನಾವು ಮನೆ ಬದಲಾಯಿಸಿದ್ದು.

ಆ ವರ್ಷ ಯುಗಾದಿಯ ಮಾರನೆಯ ದಿನ ಮಧ್ಯಾಹ್ನ ಎದುರುಮನೆಯ ಪದ್ಮಮ್ಮ ಏದುಸಿರು ಬಿಡುತ್ತ ಓಡಿಬಂದರು.

"ಕಮಲಾ, ಸಕ್ಕರೆ ಡಬ್ಬ ಎಲ್ಲಿಟ್ಟಿದೀರಿ? ಮೊದ್ಲು ಒಳಗೆ ಬಚ್ಚಿಡಿ! ಮನೆಮನೆಗೂ ಸಕ್ಕರೆ ಪರೀಕ್ಷೆ ಮಾಡೋಕೆ ಬರ್ತಿದಾರೆ!"

ಸಕ್ಕರೆಗೆ ರೇಷನ್ನು ಇದ್ದ ಕಾಲ. ಹಬ್ಬಕ್ಕೆಂದು ಅವರಿವರ ಕೈಕಾಲು ಹಿಡಿದು ಸ್ವಲ್ಪ ಹೆಚ್ಚು ಸಕ್ಕರೆ ಕೂಡಿಹಾಕದ ಮನೆ ಯಾವುದಿತ್ತು ಹೇಳಿ? ಅತ್ತೆ ಮಡಿಯಲ್ಲೇ ಎದ್ದು ಡಬ್ಬವನ್ನು ಅಕ್ಕಿಯ ಮೂಟೆಯ ಹಿಂದೆ ಸರಿಸಿದರು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ವಾಯಿಲ್ ಸೀರೆ ಉಟ್ಟು, ಗಂಡಸರ ಕಪ್ಪು ಛತ್ರಿ ಹಿಡಿದ ಒಬ್ಬ ಹೆಂಗಸು, ಹಿಂದೆ ಮರದ ಪೆಟ್ಟಿಗೆ ಹೊತ್ತ ಒಬ್ಬ ನರ್ಸು. ಆ ಹೆಂಗಸು ತಾನು ಡಾಕ್ಟರು ಎಂದು ಹೇಳಿಕೊಂಡರು. ಬಂದ ಕೆಲಸವನ್ನೂ ಹೇಳಿದರು. ಅವರಿಗೆ ಬೇಕಾದ ಸಕ್ಕರೆ ನಮ್ಮ ಡಬ್ಬದ್ದಲ್ಲ.

ಅದನ್ನು ಕೇಳಿ ಅತ್ತೆಗೆ ಒಂದು ಕಡೆ ನೆಮ್ಮದಿ, ಇನ್ನೊಂದು ಕಡೆ ಅದಕ್ಕಿಂತ ದೊಡ್ಡ ಸಂಕಟ. "ನಮ್ಮನೇಲಿ ಯಾರಿಗೂ ಕಾಯಿಲೆ ಇಲ್ವಲ್ಲಮ್ಮ. ಆಸ್ಪತ್ರೇಲಿ ಬೇಕಾದಷ್ಟು ಜನ ರೋಗಿಗಳಿರ್ತಾರಪ್ಪ, ಅವ್ರನ್ನ ನೋಡೋದು ಬಿಟ್ಟು ಈ ಬಿಸಿಲಲ್ಲಿ..."

ಡಾಕ್ಟರಮ್ಮ ಛತ್ರಿ ಮಡಚಿ ಜಗಲಿಯ ಮೇಲೆ ಕೂತರು. "ಕಾಯಿಲೆ ಇದೆ ಅಂತ ಗೊತ್ತಿರೋರು ತಾವಾಗೇ ನಮ್ಮ ಹತ್ರ ಬರ್ತಾರೆ ಅಮ್ಮ. ಇದ್ದೂ ಗೊತ್ತಿಲ್ದೇ ಇರೋರ ಹತ್ರ ನಾವೇ ಹೋಗ್ಬೇಕಲ್ವಾ? ಈ ಸಕ್ಕರೆ ಕಾಯಿಲೆ ಒಳಗಿದ್ರೂ ಎಷ್ಟೋ ವರ್ಷ ಬಾಯೇ ಬಿಡಲ್ಲ."

ನಮ್ಮ ಬೀದಿಯಲ್ಲಿ ಆ ಮಧ್ಯಾಹ್ನ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಊಟವಾಗಿ ಸ್ವಲ್ಪ ಹೊತ್ತು ಕಳೆದ ಮೇಲೆ ಸೀಸೆಗಳನ್ನು ಪದ್ಮಮ್ಮನವರ ವರಾಂಡಕ್ಕೆ ತಂದುಕೊಡಿ ಎಂದು ಹೇಳಿ, ಹೆಸರು ಬರೆದ ಚೀಟಿ ಅಂಟಿಸಿದ ಖಾಲಿ ಸೀಸೆಗಳನ್ನು ಹಂಚಿ ಹೋಗಿದ್ದರು. ಒಬ್ಬರು ಇಡೀ ಮನೆಗೆ ಒಂದೇ ಸೀಸೆ ತಂದರು. ಎಲ್ಲರೂ ತಿಂದಿದ್ದು ಒಂದೇ ಒಬ್ಬಟ್ಟಲ್ವೇ ಎಂದು ಅವರ ವಾದ. ಇನ್ನೊಬ್ಬರು ಸೀಸೆ ಕೊಳಕಾಗಿದೆ ಎಂದು ಹುಣಸೆಹಣ್ಣು ಹಾಕಿ ತೊಳೆದು, ಚೀಟಿಯನ್ನೂ ತೊಳೆದುಹಾಕಿದ್ದರು. ಪದ್ಮಮ್ಮನ ಯಜಮಾನರು ಇದೆಲ್ಲ ಸಂತಾನ ನಿಯಂತ್ರಣದವರ ಪಿತೂರಿ ಎಂದು ಘೋಷಿಸಿ ಹಿತ್ತಲಿಗೆ ಹೋದವರು ತಿರುಗಿ ಬರಲೇ ಇಲ್ಲ. ನಾಚಿಕೆಯಿಂದ ಸೀಸೆಯನ್ನು ಮುಚ್ಚಿಕೊಂಡು ಬಂದವರೆಲ್ಲ, ಪರೀಕ್ಷೆ ಶುರುವಾದದ್ದೇ ತಡ, ನಾಚಿಕೆ ಬಿಟ್ಟು ಸುತ್ತ ಮುತ್ತಿಕೊಂಡರು.

ನೋಡುವಂಥದ್ದೇ ಆಗಿತ್ತು ಅದು. ಗಾಜಿನ ನಳಿಕೆಯಲ್ಲಿ ಮೈಲುತುತ್ತ ಬೆರೆತ ನೀಲಿ ನೀರು. ಅದಕ್ಕೆ ಸೀಸೆಯಿಂದ ಕೆಲವು ಹನಿ ಹಾಕಿ, ಮರದ ಚಿಮಟದಲ್ಲಿ ಹಿಡಿದು ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು, ಹೀಗೆ ಏರಿದಷ್ಟೂ ಸಕ್ಕರೆ ಹೆಚ್ಚು.

ನಮ್ಮವರ ಮುಖ ಮಾತ್ರ ಸಪ್ಪಗಾಗಿತ್ತು. ಅವರು ಸಿಹಿಪ್ರಿಯರು. ಸಿಹಿಪ್ರಿಯರು ಎನ್ನುವುದು ಹೆಂಡತಿಯ ಮರ್ಯಾದೆಯ ಮಾತು. ಹಬ್ಬದ ದಿನ ಒಬ್ಬಟ್ಟು ಬೇಯುವ ತವೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂರುವ ಪೈಕಿ. ಹೊಟ್ಟೆ ಜನಿವಾರವನ್ನು ಮುಂದಕ್ಕೆ ನೂಕುತ್ತಿತ್ತು. ಮಾರನೆಯ ದಿನದ ಒಬ್ಬಟ್ಟಿಗೇ ರುಚಿ ಹೆಚ್ಚು ಎಂದು ಅವತ್ತೂ ಕಚೇರಿಗೆ ರಜೆ ಹಾಕಿ, ತುಪ್ಪ ಸುರಿದುಕೊಂಡು ತಿಂದಿದ್ದರು. ಕಡ್ಡಿಯ ಹಾಗಿದ್ದ ನಾನು ಅವರ ಒತ್ತಾಯಕ್ಕೆ ಎರಡು ತಿಂದು, ಅವರೊಬ್ಬರೇ ಸೀಸೆ ಹಿಡಿದು ಹೋಗಲು ಹಿಂಜರಿದರೆಂದು ನಂದೂ ಒಂದಿರಲಿ ಎಂದು ಜೊತೆಗೆ ಹೋದವಳು.

ಅವರ ನಳಿಕೆ ಕುದಿಯಿತು. ನೀಲಿ. ಇನ್ನೂ ಸ್ವಲ್ಪ ಕುದಿಸಿದರು. ನೀಲಿಯೇ. ನಮ್ಮವರು ಸುತ್ತ ನಿಂತವರ ಕಡೆ ಪರೀಕ್ಷೆ ಪಾಸಾದ ಹುಡುಗನಂತೆ ನೋಡಿದರು. ಆಮೇಲೆ ನನ್ನದನ್ನು ಹಿಡಿದರು. ನೀಲಿ ಸ್ವಲ್ಪ ಕಲಕಿತು, ಹಸಿರಾಯಿತು, ಹಸಿರಿನೊಳಗಿಂದ ಹಳದಿ ಹೊಗೆಯ ಹಾಗೆ ಎದ್ದು ನಳಿಕೆಯ ತುಂಬ ನಿಂತಿತು.

ಮೊದಲು ಬಾಯಿ ಬಿಟ್ಟವರು ನಮ್ಮವರು. ಅವರ ಮುಖ ಬಿಳಿಚಿಕೊಂಡಿತ್ತು.

"ಅದು ನಂದು ಡಾಕ್ಟ್ರೇ. ಸೀಸೆ ಅದಲು ಬದಲಾಗಿದೆ. ಒಬ್ಬಟ್ಟು ತಿಂದಿದ್ದು ನಾನು. ಬೇಕಾದ್ರೆ ನಮ್ಮಮ್ಮನ್ನ ಕೇಳಿ."

"ಚೀಟಿ ಮೇಲೆ ಇವ್ರ ಹೆಸರಿದೆಯಲ್ಲ ಸಾರ್."

"ಚೀಟಿಗೇನು ಗೊತ್ತು! ಅದು ನಂದೇ ಅಂತಿದೀನಲ್ಲ!"

ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವರು ನನಗೆ ಪ್ರೀತಿಯ ಮಾತು ಅಂತ ಒಂದನ್ನೂ ಆಡಿದವರಲ್ಲ. ಆ ಕಾಲದ ಗಂಡಸರಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಊರೆಲ್ಲ ನೋಡುತ್ತಿರುವಾಗ ನನ್ನ ಕಾಯಿಲೆಯನ್ನು ತನ್ನದೆಂದು ಜಗಳವಾಡಿ ಕಿತ್ತುಕೊಳ್ಳಲು ನೋಡಿದರಲ್ಲ, ಅದನ್ನು ನಾನು ಆ ಬಾಬ್ತಿಗೆ ಸೇರಿಸಿಕೊಂಡಿದ್ದೇನೆ.

ಮತ್ತೊಮ್ಮೆ ಪರೀಕ್ಷೆ ಮಾಡಿದರು. ಮತ್ತೆ ಹಳದಿ. ಡಾಕ್ಟರಮ್ಮ ಚಿಮಟವನ್ನು ನರ್ಸಿನ ಕೈಗೆ ಕೊಟ್ಟು, ನನ್ನನ್ನು ಪದ್ಮಮ್ಮನವರ ಒಳಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ದಾಹ ಜಾಸ್ತಿಯೇ, ಸುಸ್ತೇ ಎಂದು ಕೇಳಿದರು. ಏನೂ ಇಲ್ಲ ಎಂದೆ.

"ಮಕ್ಕಳು?"

"ಎರಡಾಯ್ತು. ಉಳೀಲಿಲ್ಲ."

ಇಲ್ಲಿ ಎಲ್ಲರೂ "ಅಯ್ಯೋ ಪಾಪ" ಎಂದು ಮಾತು ಬದಲಿಸುತ್ತಿದ್ದರು. ಇವರು ಬದಲಿಸಲಿಲ್ಲ. "ಎಷ್ಟು ದಪ್ಪ ಇದ್ವು?" ಎಂದು ಕೇಳಿದರು.

ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಮಕ್ಕಳನ್ನು ನಾನು ಮರೆಯಬೇಕೆಂದು ಎಲ್ಲರೂ ಬಯಸಿದ್ದರು. ಅವು ಹೇಗಿದ್ದವು ಎಂದು ಹೇಳಲು ನನಗೆ ಎಷ್ಟು ಆಸೆಯಿತ್ತೆಂದು ನನಗೇ ಗೊತ್ತಿರಲಿಲ್ಲ. ಹೇಳಿದೆ. ಮೊದಲನೆಯದು ಗಂಡು, ಮೂರು ತಿಂಗಳ ಕೂಸಿನ ಹಾಗೆ ತೋಳಿನ ಮೇಲೆಲ್ಲ ಮಡಿಕೆ ಮಡಿಕೆ ಇತ್ತು. ಸೂಲಗಿತ್ತಿ ಎತ್ತಿಕೊಂಡವಳು "ಇಷ್ಟು ಭರ್ಜರಿ ಕೂಸು, ಅದ್ಕೇ ದೃಷ್ಟಿ ಬಿತ್ತು" ಎಂದು ಅತ್ತಳು. ಎರಡನೆಯದು ಹೆಣ್ಣು, ಅದೂ ಹಾಗೆಯೇ, ಕೆನ್ನೆಯಲ್ಲಿ ಕಣ್ಣು ಮುಚ್ಚಿಹೋಗಿತ್ತು. ಹೇಳುತ್ತ ಹೇಳುತ್ತ ಕೈಯಿಂದ ಅವುಗಳ ಉದ್ದ ಅಗಲ ತೋರಿಸುತ್ತಿದ್ದೆ. ಡಾಕ್ಟರಮ್ಮ ನನ್ನ ಕೈಗಳನ್ನೇ ನೋಡುತ್ತಿದ್ದರು.

"ಆ ದಪ್ಪಕ್ಕೂ ಈ ಹಳದಿಗೂ ಸಂಬಂಧ ಇದೆ ಅನ್ಸತ್ತೆ ಕಮಲಾ," ಎಂದರು ಕೊನೆಗೆ. "ಈಗ್ಲೇ ಖಚಿತವಾಗಿ ಹೇಳೋಕಾಗಲ್ಲ. ಆಸ್ಪತ್ರೆಗೆ ಬನ್ನಿ, ರಕ್ತ ನೋಡೋಣ."

ಆಸ್ಪತ್ರೆಯಲ್ಲಿ ಬರಿಹೊಟ್ಟೆಗೆ ಪಾಕದಂಥ ಸಕ್ಕರೆ ನೀರು ಕುಡಿಸಿ, ಕೂರಿಸಿ ಕೂರಿಸಿ ರಕ್ತ ತೆಗೆದರು. ನಮ್ಮವರು ರೇಷನ್ನಿನ ಕಾಲದಲ್ಲಿ ಇಷ್ಟು ಸಕ್ಕರೆಯೇ ಎಂದು ಆ ಲೋಟವನ್ನು ಆಸೆಗಣ್ಣಿನಿಂದ ನೋಡಿದ್ದೂ ಉಂಟು. ಡಾಕ್ಟರಮ್ಮ ಫಲಿತಾಂಶ ನೋಡಿ ಹೇಳಿದ್ದು ಇಷ್ಟು: "ನಿಮಗೆ ಕಾಯಿಲೆ ಬಂದಿಲ್ಲ. ಹೊಸಿಲ ಮೇಲೆ ನಿಂತಿದೆ. ಬಸುರಿಯಾದಾಗ ಒಳಗೆ ಬಂದು ಕೂತ್ಕೊಳ್ಳತ್ತೆ, ಹೆರಿಗೆ ಆದ್ಮೇಲೆ ಎದ್ದು ಹೋಗತ್ತೆ. ತಾಯಿ ರಕ್ತದ ಸಕ್ಕರೆ ಮಗೂಗೂ ಹೋಗಿ ಅದು ಊದ್ಕೊಳ್ಳತ್ತೆ. ಆಮೇಲೆ ಒಳಗೇ ಏನೋ ಆಗಿಬಿಡತ್ತೆ. ಈ ಸಲ ನಾವು ಬಾಗಿಲಲ್ಲೇ ತಡೆಯೋಣ."

ನಾನು ಅಳುತ್ತೇನೆಂದು ಅವರು ಕಾದರು. ನನಗೆ ಬಂದದ್ದು ಅಳುವಲ್ಲ. ದೋಷಕ್ಕೆ ಒಂದು ಹೆಸರಿದೆ, ಅದು ಗಾಜಿನ ನಳಿಕೆಯಲ್ಲಿ ಕಾಣುತ್ತದೆ, ಅದಕ್ಕೆ ನನ್ನ ಜಾತಕವಾಗಲಿ ಯಾವ ಹಾವಾಗಲಿ ಕಾರಣವಲ್ಲ. ಹಿಂದಿರುಗಿ ಬರುವಾಗ ಬಸ್ಸಿನ ಕಿಟಕಿಯಿಂದ ಗಾಳಿ ಬಡಿಯುತ್ತಿತ್ತು. ವರ್ಷಗಳ ನಂತರ ನಾನು ಎದೆತುಂಬ ಉಸಿರೆಳೆದುಕೊಂಡೆ.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಅನ್ನ ಇಳಿಯಿತು, ರಾಗಿಮುದ್ದೆ ಏರಿತು. ಒಬ್ಬಳೇ ಹೇಗೆ ತಿನ್ನುತ್ತಾಳೆ ಎಂದು ಅತ್ತೆಯೂ ಮುದ್ದೆ ಹಿಡಿದರು. ನಮ್ಮವರು ಸಿಹಿ ಬಿಟ್ಟೆ ಎಂದು ಘೋಷಿಸಿದರು. ಅವರ ಕೋಟಿನ ಜೇಬಿನಲ್ಲಿ ಆಗಾಗ ಸಿಗುತ್ತಿದ್ದ ಪೇಪರ್ಮೆಂಟಿನ ಕಾಗದಗಳ ಬಗ್ಗೆ ನಾನು ಕೇಳಲಿಲ್ಲ. ಸಂಜೆ ನಾನೂ ಅತ್ತೆಯೂ ಹೊಲದ ಕಾಲುದಾರಿಯಲ್ಲಿ ಬನಶಂಕರಿ ಗುಡಿಯ ಕಡೆಗೆ ನಡೆಯುತ್ತಿದ್ದೆವು. ನಡಿಗೆ ಔಷಧಿ ಎಂದು ಡಾಕ್ಟರಮ್ಮ ಹೇಳಿದ್ದು. ಗುಡಿ ಅತ್ತೆ ಸೇರಿಸಿದ್ದು.

ಮರುವರ್ಷ ನಾನು ಮತ್ತೆ ಬಸುರಿಯಾದೆ. ಡಾಕ್ಟರಮ್ಮ ಹೇಳಿದ ಹಾಗೆಯೇ ಕಾಯಿಲೆ ಹೊಸಿಲು ದಾಟಿತು. ದಿನವೂ ಇನ್ಸುಲಿನ್ ಚುಚ್ಚಬೇಕು ಎಂದರು. ನಮ್ಮವರು ನರ್ಸಿನ ಹತ್ತಿರ ಕಲಿತು, ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿಕೊಂಡು ಬಂದರು. ಮೊದಲ ದಿನ ಸಿರಿಂಜು ಕುದಿಸಿ, ಮದ್ದು ಎಳೆದು, ಸೂಜಿಯನ್ನು ನನ್ನ ತೋಳಿನ ಬಳಿ ತಂದು ಕಣ್ಣು ಮುಚ್ಚಿಕೊಂಡರು. "ಕಣ್ಣು ಬಿಟ್ಟು ಚುಚ್ಚಿ ಅಂದ್ರೆ! ನಾನು ಕಿತ್ತಳೆ ಹಣ್ಣಲ್ಲ" ಎಂದು ಕೂಗಿಕೊಂಡೆ.

ಅದಕ್ಕಿಂತ ದೊಡ್ಡ ಗಂಡಾಂತರ ಬೇರೆಯೇ ಇತ್ತು. ಡಾಕ್ಟರಮ್ಮ ಮನೆಗೆ ಬಂದಿದ್ದಾಗ ಅತ್ತೆ ಕೇಳಿದರು, "ಈ ಮದ್ದು ಯಾತರಿಂದ ಮಾಡ್ತಾರಮ್ಮ? ಗಿಡದ್ದಾ?"

ನಮ್ಮವರು ಡಾಕ್ಟರಮ್ಮನಿಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಅವರು ಸನ್ನೆಯನ್ನು ನೋಡಿಯೂ ಸುಳ್ಳು ಹೇಳಲಿಲ್ಲ. "ಇಲ್ಲಮ್ಮ. ಪ್ರಾಣಿಗಳ ಹೊಟ್ಟೆ ಒಳಗಿನ ಒಂದು ಗ್ರಂಥಿಯಿಂದ ತೆಗೀತಾರೆ."

ಈರುಳ್ಳಿಯನ್ನೂ ಒಳಗೆ ಬಿಡದ ಮನೆ ಅದು. ಅತ್ತೆ ಬಹಳ ಹೊತ್ತು ಸೆರಗಿನ ಅಂಚನ್ನು ತಿರುವುತ್ತ ಕೂತರು. ನಾನು ಗೋಡೆಗೆ ಒರಗಿಕೊಂಡೆ. ಇವರು ಬೇಡ ಎಂದರೆ ಎದುರು ಮಾತಾಡುವ ಶಕ್ತಿ ನನ್ನಲ್ಲಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

"ಅಡುಗೆಮನೆಗೆ ತರಬೇಡಿ," ಎಂದರು ಕೊನೆಗೆ. "ದೇವರ ಮನೆ ಹತ್ರಾನೂ ಬೇಡ. ನಡುಮನೆ ಮೂಲೇಲಿ ಇಟ್ಕೊಳ್ಳಿ." ಸ್ವಲ್ಪ ತಡೆದು, "ತಣ್ಣಗಿರ್ಬೇಕು ಅಂದ್ರಲ್ಲ, ಹೇಗೆ ಇಡೋದು?" ಎಂದರು.

ಫ್ರಿಜ್ಜು ಎಂಬುದನ್ನು ನಾವು ಅಂಗಡಿಯ ಗಾಜಿನಾಚೆ ಮಾತ್ರ ನೋಡಿದ್ದೆವು. ಡಾಕ್ಟರಮ್ಮ ಹೇಳಿದಂತೆ ಅಗಲ ಬಾಯಿಯ ಮಡಕೆಯಲ್ಲಿ ಮರಳು ತುಂಬಿ, ಅದರೊಳಗೆ ಮುಚ್ಚಳದ ಡಬ್ಬಿ ಹೂತು, ಡಬ್ಬಿಯಲ್ಲಿ ಮದ್ದಿನ ಸೀಸೆ ಇಟ್ಟೆವು. ಮರಳು ಒಣಗದಂತೆ ನೀರು ಹಾಕುತ್ತಿರಬೇಕು. ಆ ಕೆಲಸ ನನ್ನದೆಂದುಕೊಂಡಿದ್ದೆ. ಆದರೆ ನಾನು ಯಾವಾಗ ಮುಟ್ಟಿ ನೋಡಿದರೂ ಮರಳು ಒದ್ದೆಯಾಗಿಯೇ ಇರುತ್ತಿತ್ತು. ಒಂದು ದಿನ ಕಂಡೆ. ಅತ್ತೆ ಮಡಿಯುಟ್ಟು, ಮಡಕೆಗೆ ಸೀರೆ ತಾಗದಂತೆ ಒಂದು ಕೈಯಲ್ಲಿ ಎತ್ತಿ ಹಿಡಿದು, ದೂರದಿಂದಲೇ ತಂಬಿಗೆಯನ್ನು ಬಾಗಿಸಿ, ತುಳಸಿಗೆ ಹಾಕುವ ಹಾಗೆ ಸಣ್ಣ ಧಾರೆಯಲ್ಲಿ ನೀರು ಬಿಡುತ್ತಿದ್ದರು. ಬಾಯಲ್ಲಿ ಏನೋ ಸ್ತೋತ್ರ ಬೇರೆ. ನಾನು ಸದ್ದು ಮಾಡದೆ ಹಿಂದಕ್ಕೆ ಸರಿದೆ.

ಈ ಸಲ ದಿನ ತುಂಬುವವರೆಗೆ ಕಾಯುವುದು ಬೇಡ ಎಂದು ಮೊದಲೇ ಆಸ್ಪತ್ರೆಗೆ ಸೇರಿಸಿಕೊಂಡು ಆಪರೇಷನ್ ಮಾಡಿದರು. ನಾನು ಮಂಪರಿನಲ್ಲಿದ್ದುದರಿಂದ ಮುಂದಿನದ್ದು ನಮ್ಮವರು ಹೇಳಿದ್ದು. ನರ್ಸು ಹೊರಗೆ ಬಂದು ಹೆಣ್ಣುಮಗು, ಚೆನ್ನಾಗಿದೆ ಎಂದಳಂತೆ. ಅತ್ತೆ ನಂಬಲಿಲ್ಲ.

"ಅಳ್ತಾ?"

"ಅಳ್ತಲ್ಲಮ್ಮ, ಕೇಳಿಸ್ಲಿಲ್ವಾ?"

"ಕೇಳಿಸ್ಲಿಲ್ಲ ಕಣಮ್ಮ. ನಿನ್ ದಮ್ಮಯ್ಯ, ಇನ್ನೊಂದ್ಸಲ ಅಳಿಸು."

ಆ ಪುಣ್ಯಾತ್ಗಿತ್ತಿ ನರ್ಸು ಒಳಗೆ ಹೋಗಿ ಕೂಸಿನ ಅಂಗಾಲಿಗೆ ಬೆರಳಿನಿಂದ ತಟ್ಟಿದಳು. ಮಗು ಕಿರುಚಿಕೊಂಡಿತು. ಅತ್ತೆ ಬಾಗಿಲಿಗೆ ಕಿವಿಯಿಟ್ಟು ಅದು ಅತ್ತು ಮುಗಿಸುವವರೆಗೂ ಕೇಳಿ, ಅಲ್ಲೇ ಆಸ್ಪತ್ರೆಯ ನೆಲದ ಮೇಲೆ ಕೂತುಬಿಟ್ಟರಂತೆ.

ಮಗಳಿಗೆ ನಡೆಯಲು ಬಂದ ಮೇಲೆ ಒಂದು ದಿನ ಡಾಕ್ಟರಮ್ಮ ಮನೆಗೆ ಬಂದರು. ಬನಶಂಕರಿಯಾಚೆ ಚಿಕ್ಕಲಸಂದ್ರದ ಕಡೆಯ ಹಳ್ಳಿಗಳಿಗೆ ಹೋಗಬೇಕೆಂದಿದ್ದೇನೆ, ನಮ್ಮ ಪೆಟ್ಟಿಗೆ ನೋಡಿದರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಾರೆ, ನೀವು ಜೊತೆಗೆ ಬರುತ್ತೀರಾ ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಅತ್ತೆ, "ಹೋಗ್ಬಾ, ಮಗು ನಾನು ನೋಡ್ಕೊತೀನಿ" ಎಂದರು.

ಮೊದಲನೆಯ ಮನೆ ಒಬ್ಬ ರೈತರದು. ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಮನೆಯೊಡತಿ ಚಿಕ್ಕತಾಯಮ್ಮ, ನಾವು ಬಂದ ಕಾರಣ ಕೇಳಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕುನಕ್ಕು ಸುಸ್ತಾದರು. ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತ ನನ್ನ ಕಥೆ ಹೇಳಿದೆ. ನಗು ನಿಂತಿತು. ಎದ್ದು ಸೀಸೆ ತೆಗೆದುಕೊಂಡು ಹೋದರು. ಗಂಡ, ಅತ್ತೆ, ನಾದಿನಿ ಎಲ್ಲರನ್ನೂ ಗದರಿಸಿ ಅವರಿಂದಲೂ ಕೊಡಿಸಿದರು.

ಡಾಕ್ಟರಮ್ಮ ದೀಪ ಹಚ್ಚಿದರು. ಒಂದೊಂದೇ ನಳಿಕೆ ಕುದಿಯಿತು. ನೀಲಿ, ನೀಲಿ, ನೀಲಿ, ನೀಲಿ. ಗುರುತು ಪರಿಚಯವಿಲ್ಲದ ಒಂದು ಮನೆಯವರಿಗೆ ಏನೂ ಆಗಿಲ್ಲ ಎಂಬುದು ನನಗೆ ಅಷ್ಟು ಸಂತೋಷ ಕೊಡಬಹುದೆಂದು ನಾನು ಎಣಿಸಿರಲಿಲ್ಲ. ಕಾಯಿಲೆ ಸಿಕ್ಕವಳ ಕೃತಜ್ಞತೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಸಿಗದ ಮನೆಯಿಂದ ಎದ್ದು ಬರುವಾಗಲೂ ಒಂದು ಕೃತಜ್ಞತೆ ಇರುತ್ತದೆ, ಅದನ್ನು ಹೇಳಲು ಯಾರಿಗೂ ತೋಚುವುದಿಲ್ಲ ಎಂದು ಅವತ್ತು ತಿಳಿಯಿತು.

ಚಿಕ್ಕತಾಯಮ್ಮನಿಗೆ ಮಾತ್ರ ತೋಚಿತು, ಅವರದೇ ರೀತಿಯಲ್ಲಿ. ಸಾಲಾಗಿ ನಿಂತ ನೀಲಿ ನಳಿಕೆಗಳನ್ನು ನೋಡಿ ಅವರ ಮುಖ ಸಣ್ಣದಾಯಿತು.

"ಅಯ್ಯೋ ಸಿವ್ನೆ, ಅಷ್ಟು ದೂರದಿಂದ ಬಿಸ್ಲಲ್ಲಿ ಬಂದ್ರಿ. ನಮ್ಮನೇಲಿ ನಿಮ್ಗೆ ಏನೂ ಸಿಗ್ನಿಲ್ವಲ್ಲವ್ವ," ಎಂದು ನಿಜವಾಗಿಯೂ ನೊಂದುಕೊಂಡು, ಒಳಗೆ ಹೋಗಿ ನಮಗಿಬ್ಬರಿಗೂ ದೊಡ್ಡ ಲೋಟಗಳಲ್ಲಿ ಮಜ್ಜಿಗೆ ತಂದುಕೊಟ್ಟರು.